ಅರ್ಧ ಶತಮಾನದ ಶಾಸಕನಿಗೆ ಇಪ್ಪತ್ತು ಸಾಲು: ಟೆಕ್ಸಾಸ್ ರಸ್ತೆಬದಿಯ ಇತಿಹಾಸ ಫಲಕದ ವಿಮರ್ಶೆ

ಕಪ್ಪು ಹಿನ್ನೆಲೆ, ಬೆಳ್ಳಿ ಬಣ್ಣದ ಉಬ್ಬಕ್ಷರ, ನೆತ್ತಿಯಲ್ಲಿ ರಾಜ್ಯದ ಮುದ್ರೆ, ಕೆಳಗೆ ಒಂದೇ ಕಂಬ. ಟೆಕ್ಸಾಸ್‌ನ ಹಳ್ಳಿದಾರಿಗಳಲ್ಲಿ ಕಾರು ಓಡಿಸಿದವರೆಲ್ಲ ಈ ಫಲಕವನ್ನು ಕಂಡಿರುತ್ತಾರೆ. ಇಳಿದು ಓದಿದವರು ಕಡಿಮೆ. ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ 1962ರಿಂದ ಇವನ್ನು ನೆಡಿಸುತ್ತಿದೆ, ಈಗ 16,000ಕ್ಕೂ ಹೆಚ್ಚು ನಿಂತಿವೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಇದರ ದೊಡ್ಡ ಅಳತೆಯದ್ದು: 27 ಇಂಚು ಅಗಲ, 42 ಇಂಚು ಎತ್ತರ, ಎರಕದ ಅಲ್ಯೂಮಿನಿಯಂ, ಕಂಬ ಸಮೇತ. ಒರೆಗಲ್ಲಾಗಿ ಬಳಸಿರುವುದು ಒಬ್ಬ ವ್ಯಕ್ತಿಯ ಬದುಕನ್ನು, ಫ್ಯಾನಿನ್ ಕೌಂಟಿಯ ಬಾನಮ್ ಊರಿನ ಸ್ಯಾಮ್ ರೇಬರ್ನ್ ಅವರದ್ದು. ಹಳ್ಳಿಗಾಡಿನಿಂದ ಆರಿಸಿ ಹೋಗಿ ಅರ್ಧ ಶತಮಾನ ಸದನದಲ್ಲಿ ಕೂತವರೊಬ್ಬರನ್ನು ಈ ಒಂದು ಲೋಹದ ಹಲಗೆ ಎಷ್ಟರ ಮಟ್ಟಿಗೆ ಹೊರಬಲ್ಲದು ಎನ್ನುವುದೇ ಪರೀಕ್ಷೆ.

ತೀರ್ಪನ್ನು ಮೊದಲೇ ಹೇಳುವುದಾದರೆ, ಬಾಳಿಕೆಗೆ ಐದರಲ್ಲಿ ನಾಲ್ಕೂವರೆ, ಪ್ರಾಮಾಣಿಕತೆಗೆ ನಾಲ್ಕು, ದಾರಿಹೋಕನ ಕಣ್ಣಿಗೆ ಎರಡು. ಕೊನೆಯ ಅಂಕ ಕಡಿಮೆಯಾದದ್ದಕ್ಕೆ ಕಾರಣ ಲೋಹದಲ್ಲಿಲ್ಲ, ಅದರ ಮೇಲೆ ಏನು ಬರೆಯುತ್ತಾರೆ ಮತ್ತು ಎಲ್ಲಿ ನೆಡುತ್ತಾರೆ ಎನ್ನುವುದರಲ್ಲಿದೆ.

ರೇಬರ್ನ್ ಅವರೇ ಏಕೆ? ಹುಟ್ಟಿದ್ದು 1882ರಲ್ಲಿ ಟೆನೆಸ್ಸಿಯಲ್ಲಿ. 1887ರಲ್ಲಿ ಅವರ ಕುಟುಂಬ ಫ್ಯಾನಿನ್ ಕೌಂಟಿಗೆ ಬಂದು 40 ಎಕರೆ ಹತ್ತಿ ಹೊಲ ಹಿಡಿಯಿತು. 24ನೇ ವಯಸ್ಸಿಗೆ, 1906ರಲ್ಲಿ, ರಾಜ್ಯದ ಶಾಸನಸಭೆಗೆ ಆಯ್ಕೆಯಾದರು. 1911ರಲ್ಲಿ ಅಲ್ಲಿನ ಸ್ಪೀಕರ್. 1912ರ ಚುನಾವಣೆಯಲ್ಲಿ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಗೆದ್ದು 1913ರ ಮಾರ್ಚಿನಲ್ಲಿ ಕೂತವರು 1961ರ ನವೆಂಬರ್ 16ರಂದು ಸಾಯುವವರೆಗೂ ಆ ಜಾಗ ಬಿಡಲಿಲ್ಲ. ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುವ ಸಭೆ ಅದು. ಅಂದರೆ ಒಂದೇ ಕ್ಷೇತ್ರದ ಜನ ಅವರನ್ನು 25 ಸಲ ಆರಿಸಿ ಕಳಿಸಿದರು. 1940ರಿಂದ, ನಡುವೆ ಎರಡು ಸಲ ಪಕ್ಷ ಬಹುಮತ ಕಳೆದುಕೊಂಡ ಅವಧಿ ಬಿಟ್ಟರೆ, ಸುಮಾರು 17 ವರ್ಷ ಸ್ಪೀಕರ್. ಇಷ್ಟು ಉದ್ದದ ಬದುಕನ್ನು ಫಲಕಕ್ಕೆ ಇಳಿಸುವಾಗ ಬರೆಯುವವರು ಸಾಮಾನ್ಯವಾಗಿ ಬೀಳುವ ಬಲೆ ಯಾವುದೆಂದು ಈ ಪ್ಯಾರಾವೇ ತೋರಿಸುತ್ತಿದೆ: ಇಸವಿ, ಹುದ್ದೆ, ಇಸವಿ, ಹುದ್ದೆ. ಓದುಗನ ಕೈಗೆ ಏನೂ ಸಿಕ್ಕುವುದಿಲ್ಲ.

ಮೊದಲು ವಸ್ತುವನ್ನು ನೋಡೋಣ. ಅಕ್ಷರಗಳನ್ನು ಉಬ್ಬಾಗಿ ಜೋಡಿಸಿದ ಮಾದರಿ ಹಲಗೆಯನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ; ಅದಕ್ಕಿಂತ ಹೆಚ್ಚು ಕಾಯಿಸಿ ಅಚ್ಚಿಗೆ ಸುರಿಯುತ್ತಾರೆ. ತಣಿದ ಮೇಲೆ ಅಂಚು ಉಜ್ಜಿ, ಇಡೀ ಮುಖಕ್ಕೆ ಬಣ್ಣ ಹೊಡೆದು, ಅಕ್ಷರಗಳ ನೆತ್ತಿಯನ್ನು ಮಾತ್ರ ತಿಕ್ಕಿ ಲೋಹ ಕಾಣಿಸಿ, ಮೇಲೊಂದು ಪಾರದರ್ಶಕ ಲೇಪ ಕೊಡುತ್ತಾರೆ. ಇಲ್ಲಿ ಕೆಡುವುದು ಮುಖ್ಯವಾಗಿ ಎರಡು ಕಡೆ. ಕರಗಿದ ಲೋಹದಲ್ಲಿ ಅನಿಲ ಉಳಿದರೆ ಎರಕದಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಬೀಳುತ್ತವೆ, ಬಣ್ಣ ಮೊದಲು ಗುಳ್ಳೆ ಏಳುವುದು ಅಲ್ಲೇ. ಲೋಹ ಸಾಕಷ್ಟು ಬಿಸಿಯಿಲ್ಲದೆ ಅಚ್ಚಿನ ಮೂಲೆ ತಲುಪದಿದ್ದರೆ ಅಕ್ಷರದ ಬಾಲ ಮೊಂಡಾಗುತ್ತದೆ. ಫಲಕ ಕೈಗೆ ಬಂದ ದಿನವೇ ಅಡ್ಡ ಬೆಳಕಿನಲ್ಲಿ ಹಿಡಿದು ಇವೆರಡನ್ನೂ ನೋಡಬೇಕು, ಕಂಬಕ್ಕೆ ಏರಿದ ಮೇಲೆ ದೂರಿ ಪ್ರಯೋಜನವಿಲ್ಲ. ಇನ್ನು ಎರಕ ಹೊಯ್ದ ಮೇಲೆ ಸಿಕ್ಕುವ ಕಾಗುಣಿತದ ತಪ್ಪಿಗೆ ಮದ್ದಿಲ್ಲ. ಮರು ಎರಕ ಹೊಯ್ಯಬೇಕು, ಇಲ್ಲವೇ ತೇಪೆ ಪಟ್ಟಿ ಬೋಲ್ಟು ಮಾಡಬೇಕು, ಆ ತೇಪೆ ಸಾಯುವವರೆಗೂ ಕಣ್ಣಿಗೆ ಹೊಡೆಯುತ್ತದೆ. ಕರಡು ತಿದ್ದಲು ಕಳಿಸಿದಾಗ ಹೆಸರು, ಇಸವಿ, ಊರು ಮೂರನ್ನೂ ಒಬ್ಬರು ಓದಿ ಹೇಳಿ ಇನ್ನೊಬ್ಬರು ಮೂಲ ದಾಖಲೆಗೆ ತಾಳೆ ನೋಡುವುದು ಈ ಕಾರಣಕ್ಕೇ ಕಡ್ಡಾಯ ಅನ್ನಬೇಕು.

ಅಲ್ಯೂಮಿನಿಯಂ ಆರಿಸಿದ್ದು ಸರಿಯಾದ ನಿರ್ಧಾರ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಮೇಲೆ ತಾನೇ ತೆಳು ಪೊರೆ ಕಟ್ಟಿಕೊಂಡು ಒಳಗನ್ನು ಕಾಯುತ್ತದೆ. ಕಂಚು ನೋಡಲು ಗಂಭೀರ, ಆದರೆ ಗುಜರಿಯಲ್ಲಿ ಬೆಲೆ ಹೆಚ್ಚು, ಹಾಗಾಗಿ ನಿರ್ಜನ ರಸ್ತೆಬದಿಯಲ್ಲಿ ಕಳವಿನ ಭಯ. ಟೆಕ್ಸಾಸ್ 1936ರಲ್ಲಿ ತನ್ನ ಶತಮಾನೋತ್ಸವಕ್ಕೆ ನೆಟ್ಟ ಗ್ರಾನೈಟ್ ಕಲ್ಲುಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ, ಆದರೆ ಕಲ್ಲಿನ ಮೇಲೆ ಕೊರೆದ ಅಕ್ಷರಕ್ಕೂ ಕಲ್ಲಿಗೂ ಬಣ್ಣ ಒಂದೇ. ನಡುಮಧ್ಯಾಹ್ನದ ನೆಟ್ಟ ಬಿಸಿಲಿನಲ್ಲಿ ಓದಲು ಬರುವುದಿಲ್ಲ. ಕಪ್ಪಿನ ಮೇಲೆ ಬೆಳ್ಳಿಯಕ್ಷರ ಆ ತೊಂದರೆಯನ್ನು ನೀಗಿಸಿದೆ.

ಈಗ ಓದುವ ಪ್ರಶ್ನೆ. 42 ಇಂಚು ಎತ್ತರದಲ್ಲಿ ಮುದ್ರೆ, ಶೀರ್ಷಿಕೆ, ಅಂಚು ಕಳೆದರೆ ಪಠ್ಯಕ್ಕೆ ಉಳಿಯುವುದು ಸುಮಾರು 30 ಇಂಚು. ಇಪ್ಪತ್ತು ಸಾಲು ತುಂಬಿದರೆ ಸಾಲಿಗೆ ಒಂದೂವರೆ ಇಂಚು. ಸಾಲಿನ ನಡುವಿನ ಜಾಗ ತೆಗೆದರೆ ಅಕ್ಷರದ ಎತ್ತರ ಮುಕ್ಕಾಲು ಇಂಚಿನ ಆಸುಪಾಸು. ಅಮೆರಿಕದ ರಸ್ತೆ ಫಲಕಗಳ ಲೆಕ್ಕದಲ್ಲಿ ಒಂದಿಂಚು ಎತ್ತರದ ಅಕ್ಷರವನ್ನು ಸುಮಾರು 30 ಅಡಿ ದೂರದಿಂದ ಓದಬಹುದು. ಗಂಟೆಗೆ 60 ಮೈಲಿ ವೇಗದ ಕಾರು ಒಂದು ಸೆಕೆಂಡಿಗೆ 88 ಅಡಿ ಹೋಗುತ್ತದೆ. ಮುಕ್ಕಾಲು ಇಂಚಿನ ಅಕ್ಷರ ಓದಲು ಚಾಲಕನಿಗೆ ಸಿಗುವುದು ಸೆಕೆಂಡಿನ ಕಾಲು ಭಾಗ. ಶೀರ್ಷಿಕೆಯೂ ಕಣ್ಣಿಗೆ ಬೀಳದು. ಹಾಗಾಗಿ ಇದು ಇಳಿದು, ನಾಲ್ಕು ಹೆಜ್ಜೆ ನಡೆದು ಹೋಗಿ ಓದುವವರಿಗಾಗಿ ಮಾಡಿದ ಫಲಕ. ಟೆಕ್ಸಾಸ್ ರಸ್ತೆ ಇಲಾಖೆಗೆ ಇದು ಗೊತ್ತು; ಹೆದ್ದಾರಿಗಳಲ್ಲಿ ಒಂದು ಮೈಲಿ ಮೊದಲೇ ‘ಮುಂದೆ ಇತಿಹಾಸ ಫಲಕವಿದೆ’ ಎಂದು ಸೂಚಿಸಿ, ಅನೇಕ ಕಡೆ ಕಾರು ನಿಲ್ಲಿಸಲು ಜಾಗವನ್ನೂ ಬಿಟ್ಟಿದೆ. ಒಳ್ಳೆಯ ಸೇವೆ. ಆದರೆ ಸೂಚನೆಯಲ್ಲಿ ಯಾರ ಫಲಕ, ಯಾವುದರ ಫಲಕ ಎಂಬ ಸುಳಿವಿಲ್ಲ. ಕಾರಿನಲ್ಲಿರುವವರಿಗೆ ನಿಲ್ಲಿಸಲು ಕಾರಣವೇ ಸಿಗುವುದಿಲ್ಲ.

ಬೇರೆ ರಾಜ್ಯಗಳು ಇದನ್ನು ಬೇರೆ ರೀತಿ ಬಿಡಿಸಿವೆ. ವರ್ಜೀನಿಯ 1927ರಲ್ಲೇ ಫಲಕ ನೆಡಲು ಶುರುಮಾಡಿ ಪ್ರತಿಯೊಂದಕ್ಕೂ ಅಕ್ಷರ ಮತ್ತು ಸಂಖ್ಯೆಯ ಗುರುತು ಕೊಟ್ಟಿತು, ಪಟ್ಟಿ ಹಿಡಿದು ಹುಡುಕುವವರಿಗೆ ಅನುಕೂಲ. ಉತ್ತರ ಕ್ಯಾರೊಲಿನ 1935ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಮಾತನ್ನೇ ಕತ್ತರಿಸಿತು: ದೊಡ್ಡ ಅಕ್ಷರ, ಐದಾರು ಸಾಲು, ನಿಧಾನಕ್ಕೆ ಹೋಗುವ ಕಾರಿನಿಂದಲೂ ಓದಿಬಿಡಬಹುದು, ವಿವರ ಬೇಕಾದವರಿಗೆ ಪ್ರಬಂಧವನ್ನು ಅಂತರಜಾಲದಲ್ಲಿ ಇಟ್ಟಿದೆ. ಟೆಕ್ಸಾಸ್‌ನದು ತದ್ವಿರುದ್ಧ ದಾರಿ. ನೂರೈವತ್ತರಿಂದ ಇನ್ನೂರು ಪದದ ಒಂದು ಪುಟ್ಟ ಲೇಖನವನ್ನೇ ಲೋಹಕ್ಕೆ ಎರೆಯುತ್ತದೆ. ಯುದ್ಧಭೂಮಿಗೋ ಹಳೆಯ ಚರ್ಚಿಗೋ ಈ ಉದ್ದ ಒಪ್ಪುತ್ತದೆ, ಅಲ್ಲಿ ಕಣ್ಣೆದುರು ಏನಾದರೂ ಇರುತ್ತದೆ. ಶಾಸಕನ ವಿಷಯದಲ್ಲಿ ಅವನ ಕೆಲಸ ನಡೆದದ್ದು 1,200 ಮೈಲಿ ಆಚೆಯ ಸಭಾಂಗಣದಲ್ಲಿ. ಊರ ರಸ್ತೆಯಲ್ಲಿ ನಿಂತು ಓದುವವನಿಗೆ ಆ ಕೆಲಸದ ಫಲ ಮಾತ್ರ ಕಾಣಬಲ್ಲದು. ಫಲಕ ಅದನ್ನು ಬೊಟ್ಟು ಮಾಡಿ ತೋರಿಸಬೇಕು.

ರೇಬರ್ನ್ ವಿಷಯದಲ್ಲಿ ಹಾಗೆ ತೋರಿಸಲು ಬೇಕಾದ್ದು ಬಾನಮ್ ರಸ್ತೆಗಳಲ್ಲೇ ಇದೆ: ವಿದ್ಯುತ್ ಕಂಬ. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ ಇರಲಿಲ್ಲ. ಮೈಲಿಗೆ ಎರಡೋ ಮೂರೋ ಮನೆ ಇರುವ ಕಡೆ ತಂತಿ ಎಳೆದರೆ ಗಿಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಹಳ್ಳಿಯತ್ತ ಮುಖ ಹಾಕಿರಲಿಲ್ಲ. 1935ರಲ್ಲಿ ಅಧ್ಯಕ್ಷರ ಆದೇಶದಿಂದ ಗ್ರಾಮೀಣ ವಿದ್ಯುದೀಕರಣ ಆಡಳಿತ ಹುಟ್ಟಿತು. ಮರುವರ್ಷ ನೆಬ್ರಾಸ್ಕದ ಸೆನೆಟರ್ ಜಾರ್ಜ್ ನಾರಿಸ್ ಮತ್ತು ಕೆಳಮನೆಯಲ್ಲಿ ರೇಬರ್ನ್ ಸೇರಿ ತಂದ ಕಾಯ್ದೆ ಅದಕ್ಕೆ ಕಾನೂನಿನ ಬೇರು ಕೊಟ್ಟಿತು. ಸರ್ಕಾರ ಕಡಿಮೆ ಬಡ್ಡಿಯ ಸಾಲ ಕೊಡುವುದು, ರೈತರು ತಾವೇ ಸಹಕಾರ ಸಂಘ ಕಟ್ಟಿಕೊಂಡು ಕಂಬ ನೆಟ್ಟು ತಂತಿ ಎಳೆದು ಸಾಲ ತೀರಿಸುವುದು. ಫ್ಯಾನಿನ್ ಕೌಂಟಿಗೂ ಹೀಗೆ ತನ್ನದೇ ವಿದ್ಯುತ್ ಸಹಕಾರ ಸಂಘವಿದೆ.

ಕನ್ನಡ ಓದುಗರಿಗೆ ಈ ಕಥೆ ದೂರದ್ದಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಹುಟ್ಟಿದ್ದು ಇದೇ ಮಾದರಿಯಲ್ಲಿ, ಅಮೆರಿಕದ ವಿದ್ಯುತ್ ಸಹಕಾರಿಗಳ ಒಕ್ಕೂಟದ ಸಲಹೆಯೊಂದಿಗೆ ದೇಶದಲ್ಲಿ ಪ್ರಯೋಗವಾಗಿ ಆರಂಭಿಸಿದ ಐದು ಸಂಘಗಳಲ್ಲಿ ಒಂದಾಗಿ. ಹುಕ್ಕೇರಿಯ ರೈತನ ಮನೆಯ ಮೀಟರಿಗೂ ಬಾನಮ್‌ನ ಹತ್ತಿ ಹೊಲದ ಕಂಬಕ್ಕೂ ನಡುವೆ ಇರುವ ಈ ನಂಟನ್ನು ಯಾವ ಫಲಕವೂ ಹೇಳದಿರಬಹುದು, ಆದರೆ ಇಲ್ಲಿಂದ ಹೋಗಿ ಓದುವ ಕನ್ನಡಿಗರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿದರೆ ನೋಟವೇ ಬದಲಾಗುತ್ತದೆ.

ಪ್ರಾಮಾಣಿಕತೆಗೆ ನಾಲ್ಕು ಅಂಕ ಕೊಟ್ಟದ್ದು ಒಂದು ನಿಯಮಕ್ಕಾಗಿ. ವ್ಯಕ್ತಿಯೊಬ್ಬರು ಸತ್ತು ಹತ್ತು ವರ್ಷ ಕಳೆಯದೆ ಅವರ ಮೇಲೆ ಟೆಕ್ಸಾಸ್‌ನಲ್ಲಿ ಫಲಕ ಆಗುವುದಿಲ್ಲ. ಅಷ್ಟೇ ಅಲ್ಲ, ಇನ್ನೊಂದರ ಫಲಕದ ಪಠ್ಯದಲ್ಲಿ ಅವರ ಹೆಸರನ್ನು ನುಸುಳಿಸುವಂತೆಯೂ ಇಲ್ಲ. ಘಟನೆಗಳಿಗೆ 30 ವರ್ಷ, ಉಳಿದ ಬಹುಪಾಲು ವಿಷಯಗಳಿಗೆ 50 ವರ್ಷ. ಅಧಿಕಾರದಲ್ಲಿರುವವರ ಹೆಸರು ಲೋಹಕ್ಕೆ ಏರುವುದನ್ನು ಈ ಒಂದು ನಿಯಮ ತಡೆಯುತ್ತದೆ. ನಮ್ಮ ಶಂಕುಸ್ಥಾಪನೆ ಕಲ್ಲುಗಳ ಮೇಲೆ ಹಾಲಿ ಮಂತ್ರಿ, ಶಾಸಕ, ಅಧ್ಯಕ್ಷರ ಹೆಸರುಗಳೇ ಮುಕ್ಕಾಲು ಜಾಗ ತಿನ್ನುತ್ತವೆ, ಕಟ್ಟಡ ಯಾವುದಕ್ಕೆ, ಯಾರಿಗೆ ಎಂಬುದು ಕೊನೆಯ ಸಾಲಿಗೆ ತಳ್ಳಿಸಿಕೊಳ್ಳುತ್ತದೆ. ಕಾಯುವ ನಿಯಮವೊಂದಿದ್ದರೆ ಈ ಕಲ್ಲುಗಳ ಭಾಷೆ ಪೂರ್ತಿ ಬೇರೆಯಾಗುತ್ತಿತ್ತು. ಎರಡನೆಯ ಒಳ್ಳೆಯ ನಿಯಮ: ಪಠ್ಯವನ್ನು ಅರ್ಜಿದಾರರು ಬರೆಯುವುದಿಲ್ಲ. ಅವರು ಆಧಾರ ಸಮೇತ ಚರಿತ್ರೆ ಬರೆದು ಕೊಡುತ್ತಾರೆ, ಅದನ್ನು ಓದಿ ಫಲಕದ ಮಾತನ್ನು ಕಮಿಷನ್ ಸಿಬ್ಬಂದಿ ಬರೆಯುತ್ತಾರೆ. ಮೊಮ್ಮಕ್ಕಳು, ಅಭಿಮಾನಿಗಳು ಹಾಡುವ ಹೊಗಳಿಕೆ ಆ ಜರಡಿಯಲ್ಲಿ ಬಹುತೇಕ ನಿಂತುಹೋಗುತ್ತದೆ.

ಹಾಗಿದ್ದರೂ ಶಾಸಕರ ಫಲಕಗಳಲ್ಲಿ ಒಂದು ಕೊರತೆ ಪದೇಪದೇ ಕಾಣುತ್ತದೆ: ಅವರು ತಪ್ಪಿದ್ದು, ಬದಲಾಗಿದ್ದು ಬರುವುದಿಲ್ಲ. ರೇಬರ್ನ್ ದಕ್ಷಿಣದ ಬಹುಪಾಲು ರಾಜಕಾರಣಿಗಳಂತೆ ಬಹುಕಾಲ ಕರಿಯರ ನಾಗರಿಕ ಹಕ್ಕುಗಳ ಮಸೂದೆಗಳನ್ನು ವಿರೋಧಿಸುತ್ತ ಬಂದವರು. 1956ರಲ್ಲಿ ಶಾಲೆಗಳಲ್ಲಿ ವರ್ಣಭೇದ ಉಳಿಸಿಕೊಳ್ಳಬೇಕೆಂದು ದಕ್ಷಿಣದ ಸದಸ್ಯರು ಹೊರಡಿಸಿದ ಹೇಳಿಕೆಗೆ ಅವರು ಸಹಿ ಹಾಕಲಿಲ್ಲ. 1957ರ ನಾಗರಿಕ ಹಕ್ಕು ಕಾಯ್ದೆ ಸದನ ದಾಟಲು ಸ್ಪೀಕರ್ ಆಗಿ ನೆರವಾದರು. ಅರ್ಧ ಶತಮಾನದ ಶಾಸಕನ ಬದುಕಿನಲ್ಲಿ ಇಂಥ ತಿರುವೇ ಮುಖ್ಯ, ಮೊದಲರ್ಧ ಮುಚ್ಚಿಟ್ಟರೆ ಎರಡನೆಯರ್ಧಕ್ಕೂ ತೂಕ ಇರುವುದಿಲ್ಲ. ಸದನದೊಳಗಿನ ನಾಟಕೀಯ ಗಳಿಗೆಗಳು, ಅಂದರೆ 1941ರ ಆಗಸ್ಟಿನಲ್ಲಿ ಸೈನಿಕ ಸೇವೆಯ ಅವಧಿ ವಿಸ್ತರಣೆ 203ಕ್ಕೆ 202 ಮತಗಳಿಂದ ಒಂದೇ ಮತದ ಅಂತರದಲ್ಲಿ ಉಳಿದದ್ದು, 1961ರ ಜನವರಿಯಲ್ಲಿ, ಯಾವ ಮಸೂದೆ ಸದನದ ಚರ್ಚೆಗೆ ಬರಬೇಕೆಂದು ನಿರ್ಧರಿಸುವ ನಿಯಮ ಸಮಿತಿಯ ವಿಸ್ತರಣೆ 217ಕ್ಕೆ 212ರಲ್ಲಿ ಗೆದ್ದದ್ದು, ಪುಸ್ತಕಕ್ಕೆ ಚೆನ್ನ. ರಸ್ತೆಬದಿಯಲ್ಲಿ ಅವನ್ನು ವಿವರಿಸಲು ಹೋದರೆ ಅರ್ಧ ಫಲಕ ಮುಗಿದಿರುತ್ತದೆ, ಓದುಗ ಕಾರು ಹತ್ತಿರುತ್ತಾನೆ.

ಹೇಗೆ ಬರೆಯಬಹುದು ಎನ್ನುವುದಕ್ಕೆ ಒಂದು ಮಾದರಿ. ಇದು ಅಲ್ಲಿ ನಿಂತಿರುವ ಯಾವ ಫಲಕದ ಅನುವಾದವೂ ಅಲ್ಲ, ಅವರ ಮನೆಯ ಮುಂದೆ ನಿಲ್ಲಬಹುದಾದ ಫಲಕಕ್ಕೆ ಈ ವಿಮರ್ಶೆಗಾಗಿಯೇ ಕಟ್ಟಿದ್ದು:

‘ಸ್ಯಾಮ್ ರೇಬರ್ನ್, 1882–1961. ಈ ಸೀಮೆಯ ಹತ್ತಿ ಹೊಲದಲ್ಲಿ ಬೆಳೆದವರು. 1913ರಿಂದ ಕೊನೆಯುಸಿರಿನವರೆಗೆ ಇಲ್ಲಿನ ಜನರ ಪ್ರತಿನಿಧಿ. 17 ವರ್ಷ ಸ್ಪೀಕರ್. 1936ರಲ್ಲಿ ಸೆನೆಟರ್ ನಾರಿಸ್ ಜೊತೆ ತಂದ ಕಾಯ್ದೆಯ ಬಲದಿಂದ ರೈತರು ಸಹಕಾರ ಸಂಘ ಕಟ್ಟಿ, ನೀವು ಈಗ ನೋಡುತ್ತಿರುವಂಥ ತಂತಿಗಳನ್ನು ಹೊಲಮನೆಗಳಿಗೆ ಎಳೆದರು. ನಾಗರಿಕ ಹಕ್ಕುಗಳ ಮಸೂದೆಗಳನ್ನು ಬಹುಕಾಲ ವಿರೋಧಿಸಿದರು. 1957ರಲ್ಲಿ ಅಂಥದೇ ಕಾಯ್ದೆ ಸದನ ದಾಟಲು ನೆರವಾದರು. ತಂದೆತಾಯಿಗಾಗಿ 1916ರಲ್ಲಿ ಕಟ್ಟಿಸಿದ ಈ ಮನೆಯನ್ನೇ ಕೊನೆಯತನಕ ತಮ್ಮದೆಂದು ಕರೆದರು.’

ಇಂಗ್ಲಿಷಿನಲ್ಲಿ ಇದು ನೂರು ಪದಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ. ಇನ್ನೂರರ ಜಾಗದಲ್ಲಿ ನೂರು ಇಟ್ಟರೆ ಅದೇ ಹಲಗೆಯ ಮೇಲೆ ಅಕ್ಷರವನ್ನು ಮುಕ್ಕಾಲರಿಂದ ಒಂದಿಂಚಿಗೆ ಏರಿಸಬಹುದು, ಕನ್ನಡಕ ಮರೆತು ಬಂದ ಹಿರಿಯರೂ ಓದಬಹುದು. ‘ನೀವು ಈಗ ನೋಡುತ್ತಿರುವಂಥ ತಂತಿ’ ಎಂಬ ಮಾತಿಗೆ ಒಂದು ಅಪಾಯವಿದೆ: ಮುಂದೆ ತಂತಿ ನೆಲದಡಿ ಹೋದರೆ ಸಾಲು ಸುಳ್ಳಾಗುತ್ತದೆ. ಆ ಅಪಾಯ ತಗೊಳ್ಳುವುದು ಮೇಲು ಎನ್ನುವುದು ಇಲ್ಲಿನ ಅಭಿಪ್ರಾಯ.

ನೆಡುವ ಕೆಲಸಕ್ಕೆ ಬರೋಣ. ಫಲಕಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿ. ಫ್ಯಾನಿನ್ ಕೌಂಟಿಯ ಬಹುಭಾಗ ಟೆಕ್ಸಾಸ್‌ನ ಕಪ್ಪುನೆಲದ ಬಯಲಿನಲ್ಲಿದೆ. ಧಾರವಾಡ, ಗದಗ, ವಿಜಯಪುರದ ಎರೆಹೊಲ ಬಲ್ಲವರಿಗೆ ಈ ಮಣ್ಣಿನ ಗುಣ ಹೇಳಿಕೊಡಬೇಕಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಒಳಗಿದ್ದ ಕಂಬವನ್ನು ವರ್ಷಕ್ಕೆ ಒಂದಿಷ್ಟು ಮೇಲೆತ್ತಿ ಓರೆ ಮಾಡುತ್ತದೆ. ಮೇಲಿನಿಂದ ಗಾಳಿಯೂ ತಳ್ಳುತ್ತದೆ. ಫಲಕದ ಮುಖ ಸುಮಾರು 7.9 ಚದರ ಅಡಿ. ಗಂಟೆಗೆ 90 ಮೈಲಿ ಗಾಳಿ ಬೀಸಿದರೆ ಚದರ ಅಡಿಗೆ 20 ಪೌಂಡಿನ ಮೇಲೆ ಒತ್ತಡ, ಒಟ್ಟು 160 ಪೌಂಡಿಗೆ ಕಡಿಮೆಯಿಲ್ಲ. ಅದೂ ಒಂದೇ ಕಂಬದ ತುದಿಯಲ್ಲಿ, ಸನ್ನೆಗೋಲಿನ ಹಾಗೆ.

ಸಾಮಾನ್ಯ ಮಣ್ಣಿಗೆ 12 ಇಂಚು ಅಗಲ, 3 ಅಡಿ ಆಳದ ಗುಂಡಿ ಸಾಕು. ಅದಕ್ಕೆ 2.36 ಘನ ಅಡಿ ಕಾಂಕ್ರೀಟು ಬೇಕು. 80 ಪೌಂಡಿನ ಒಂದು ಚೀಲದಿಂದ 0.6 ಘನ ಅಡಿ ಬರುತ್ತದೆ, ಅಂದರೆ ನಾಲ್ಕು ಚೀಲ. ಎರೆಮಣ್ಣಿನಲ್ಲಿ ನಾಲ್ಕು ಅಡಿಗೆ ಕಡಿಮೆ ತೋಡಬಾರದು, ಬುಡವನ್ನು ಗಂಟೆಯ ಬಾಯಿಯಂತೆ ಅಗಲಿಸಬೇಕು. ಆಗ ಮಣ್ಣು ಮೇಲೆತ್ತಲು ನೋಡಿದರೂ ಬುಡ ಲಂಗರಿನಂತೆ ಹಿಡಿದಿರುತ್ತದೆ. ನಮ್ಮಲ್ಲಿ ಎರೆಭೂಮಿಯ ಕಟ್ಟಡಗಳಿಗೆ ಹಾಕುವ ಬುಡ ಅಗಲಿಸಿದ ಪೈಲುಗಳ ತತ್ವವೂ ಇದೇ. ಈ ಗುಂಡಿಗೆ ಆರೇಳು ಚೀಲ ಇಟ್ಟುಕೊಳ್ಳಿ. ಕಾಂಕ್ರೀಟು ಗುಂಡಿಯ ಬಾಯಲ್ಲಿ ಅಣಬೆಯಂತೆ ಹರಡಲು ಬಿಡಬೇಡಿ. ಉಬ್ಬುವ ಮಣ್ಣು ಆ ಅಣಬೆಯ ಅಂಚಿಗೆ ಕೈಕೊಟ್ಟು ಇಡೀ ಕಂಬವನ್ನೇ ಎತ್ತುತ್ತದೆ. ಮೇಲಿನ ಎರಡು ಅಡಿಗೆ ನುಣುಪು ರಟ್ಟಿನ ಕೊಳವೆ ಇಳಿಸಿ ಅದರೊಳಗೆ ಸುರಿದರೆ ಮಣ್ಣಿಗೆ ಹಿಡಿತ ಸಿಗುವುದಿಲ್ಲ. ಮೇಲ್ಮೈಯನ್ನು ಕಂಬದಿಂದ ಹೊರಕ್ಕೆ ಇಳಿಜಾರಾಗಿ ಎಳೆಯಬೇಕು, ನೀರು ಬುಡಕ್ಕೆ ನಿಲ್ಲಬಾರದು.

ಹಲವರು ಮರೆಯುವ ಒಂದು ಮಾತು. ಹಸಿ ಕಾಂಕ್ರೀಟು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಕಂಬ ಅಲ್ಯೂಮಿನಿಯಂ ಆಗಿದ್ದರೆ ಹುಗಿಯುವ ಭಾಗಕ್ಕೂ ನೆಲದಿಂದ ಎರಡು ಇಂಚು ಮೇಲಿನವರೆಗೂ ಡಾಂಬರು ಬಣ್ಣ ಬಳಿದೇ ಇಳಿಸಬೇಕು. ಕಬ್ಬಿಣದ ಬೋಲ್ಟು ಬೇಡ, ಎರಡು ಲೋಹ ತಾಗಿದಲ್ಲಿ ಮಳೆನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ನಡುವೆ ನೈಲಾನ್ ವಾಷರ್. ತೋಡುವ ಮುನ್ನ 811ಕ್ಕೆ ಫೋನ್ ಮಾಡಿ ನೆಲದಡಿಯ ಗ್ಯಾಸ್, ವಿದ್ಯುತ್ ಗುರುತು ಹಾಕಿಸಿಕೊಳ್ಳುವುದು ಅಮೆರಿಕದಲ್ಲಿ ಕಾನೂನಿನ ಮಾತು. ಜಾಗ ರಾಜ್ಯ ಹೆದ್ದಾರಿಯ ಹದ್ದಿನಲ್ಲಿದ್ದರೆ ಇದಾವುದೂ ನಿಮ್ಮ ತಲೆಬಿಸಿಯಲ್ಲ, ರಸ್ತೆ ಇಲಾಖೆಯೇ ನೆಡುತ್ತದೆ. ಖಾಸಗಿ ಜಾಗವಾದರೆ ನೆಡುವುದು ಅರ್ಜಿದಾರರ ಹೊಣೆ. ಹುಲ್ಲು ಕತ್ತರಿಸುವ ಯಂತ್ರ ತಾಗುವ ದಾರಿಯಿಂದ ದೂರ ನೆಟ್ಟರೆ ಒಳ್ಳೆಯದು. ಲಾರಿಗಿಂತ ಹೆಚ್ಚು ಕಂಬಗಳಿಗೆ ಪೆಟ್ಟು ಕೊಡುವುದು ಆ ಯಂತ್ರ. ಬುಡದ ಸುತ್ತ ಒಂದಡಿ ಜಲ್ಲಿ ಹಾಕಿದರೆ ಹುಲ್ಲೇ ಬೆಳೆಯದು, ಯಂತ್ರವೂ ಹತ್ತಿರ ಬಾರದು.

ಆರೈಕೆ ಸುಲಭ, ಆದರೆ ಕೈ ನಯವಾಗಿರಬೇಕು. ವರ್ಷಕ್ಕೊಮ್ಮೆ ನೀರು, ಸೌಮ್ಯ ಸೋಪು, ಮೆತ್ತನೆ ನೈಲಾನ್ ಬ್ರಷ್, ಅಷ್ಟೇ. ತಂತಿ ಬ್ರಷ್ ಮುಟ್ಟಿಸಬೇಡಿ, ಒತ್ತಡದ ನೀರು ಹೊಡೆಯಬೇಡಿ; ಪಾರದರ್ಶಕ ಲೇಪದ ಅಂಚು ಎದ್ದರೆ ಅದರಡಿ ತೇವ ಸೇರಿ ಮುಂದಿನ ಬೇಸಿಗೆಗೆ ಹಾಳೆಹಾಳೆಯಾಗಿ ಸುಲಿಯುತ್ತದೆ. ಬಿಸಿಲಿಗೆ ಲೇಪ ಸೋತು ಅಕ್ಷರ ಸುಣ್ಣ ಬಳಿದಂತೆ ಮಂಕಾದಾಗ ಮರುಬಣ್ಣದ ಹೊತ್ತು. ತೊಳೆದು ಪೂರ್ತಿ ಒಣಗಿಸಿ, ಹಿನ್ನೆಲೆಗೆ ಹೊರಾಂಗಣದ ಕಪ್ಪು ಎನಾಮೆಲ್ ತೆಳುವಾಗಿ ಎರಡು ಸಲ ಹೊಡೆಯಿರಿ, ಅಕ್ಷರದ ಮೇಲೆ ಬಿದ್ದರೂ ಚಿಂತೆಯಿಲ್ಲ. ಗಟ್ಟಿಯಾಗಿ ಒಣಗಿದ ಮೇಲೆ ಚಪ್ಪಟೆ ಮರದ ತುಂಡಿಗೆ 220 ನಂಬರಿನ ಎಮರಿ ಕಾಗದ ಸುತ್ತಿ ಅಕ್ಷರದ ನೆತ್ತಿಯನ್ನಷ್ಟೇ ತಿಕ್ಕಿ, ಆಮೇಲೆ 400ರಲ್ಲಿ ನುಣುಪು ಮಾಡಿ. ಮರದ ತುಂಡಿಲ್ಲದೆ ಬರೀ ಬೆರಳಲ್ಲಿ ಕಾಗದ ಒತ್ತಿದರೆ ಅದು ಅಕ್ಷರದ ಸಂದಿಗೆ ಇಳಿದು ಹೊಸ ಕಪ್ಪನ್ನು ಕೆರೆಯುತ್ತದೆ. ಹೊಸಬರ ಕೆಲಸ ಕೆಡುವುದು ಬಹುಪಾಲು ಇಲ್ಲೇ. ಪುಡಿ ಒರೆಸಿ, ಬಿಸಿಲು ತಡೆಯುವ ಪಾರದರ್ಶಕ ಲೇಪ ಕೊಡಿ. ಕೆಲಸಕ್ಕೆ ಕೈ ಹಚ್ಚುವ ಮುನ್ನ ಕೌಂಟಿಯ ಇತಿಹಾಸ ಆಯೋಗಕ್ಕೆ ತಿಳಿಸಬೇಕು. ಫಲಕ ಯಾರ ಹಣದಲ್ಲಿ ಎದ್ದಿದ್ದರೂ ಅದು ಟೆಕ್ಸಾಸ್ ರಾಜ್ಯದ ಸ್ವತ್ತು.

ಅರ್ಜಿಯ ದಾರಿಯೂ ಆ ಕೌಂಟಿ ಆಯೋಗದ ಮೂಲಕವೇ. ಅಡಿಟಿಪ್ಪಣಿಗಳಿರುವ ಚರಿತ್ರೆ, ಜಾಗದ ಮಾಲೀಕರ ಒಪ್ಪಿಗೆ ಪತ್ರ, 100 ಡಾಲರ್ ಅರ್ಜಿ ಶುಲ್ಕ. ಒಪ್ಪಿಗೆಯಾದರೆ ಎರಕದ ಖರ್ಚು ಅರ್ಜಿದಾರರದ್ದು, ಫಲಕ ಕೈಗೆ ಬರಲು ವರ್ಷಕ್ಕೂ ಹೆಚ್ಚು ಕಾಯಲು ಸಿದ್ಧರಿರಬೇಕು. ಅರ್ಜಿಗಳು ಹಿಂದಕ್ಕೆ ಬರುವುದು ಸಾಮಾನ್ಯವಾಗಿ ಆಧಾರದ ಕೊರತೆಯಿಂದ: ಕುಟುಂಬದವರ ನೆನಪೊಂದೇ ಸಾಲದು, ಪತ್ರಿಕೆ, ಸದನದ ದಾಖಲೆ, ಜಮೀನು ಪತ್ರ ಬೇಕು. ಈ ಅರ್ಜಿ ಶುಲ್ಕಗಳ ಹಣವನ್ನೇ ಕೂಡಿಸಿ, ಇದುವರೆಗೆ ಯಾರೂ ಹೇಳದ ಸಮುದಾಯಗಳ ಕಥೆಗಳಿಗೆ ಕಮಿಷನ್ ತಾನೇ ಫಲಕ ಹಾಕಿಸುತ್ತದೆ. ಇಡೀ ಯೋಜನೆಯಲ್ಲಿ ಮನಸ್ಸು ತುಂಬಿಬರುವ ಭಾಗ ಇದು. ಒಂದು ಎಚ್ಚರಿಕೆ: ವಿಷಯ ಫಲಕ, ಅಂದರೆ ವ್ಯಕ್ತಿ, ಘಟನೆ, ಜಾಗದ ಕಥೆ ಹೇಳುವ ಇಂಥ ಫಲಕ, ಬಂದ ಮಾತ್ರಕ್ಕೆ ಕಟ್ಟಡಕ್ಕೆ ರಕ್ಷಣೆ ಬರುವುದಿಲ್ಲ. ಅದಕ್ಕೆ ‘ದಾಖಲಿತ ಟೆಕ್ಸಾಸ್ ಐತಿಹಾಸಿಕ ಹೆಗ್ಗುರುತು’ ಎಂಬ ಬೇರೆಯೇ ಮಾನ್ಯತೆ ಬೇಕು. ಅದಿದ್ದರೆ ಹೊರಮುಖ ಬದಲಿಸುವ ಮುನ್ನ ಮಾಲೀಕರು 60 ದಿನ ಮೊದಲೇ ತಿಳಿಸಬೇಕು.

ಡಲ್ಲಾಸ್ ಸುತ್ತ ನೆಲೆಸಿರುವ ಕನ್ನಡಿಗರಿಗೆ ಬಾನಮ್ ಒಂದು ಶನಿವಾರದ ಪ್ರಯಾಣ. ಡಲ್ಲಾಸ್‌ನಿಂದ ಸುಮಾರು 70 ಮೈಲಿ. ಮೆಕಿನಿ ದಾಟಿ ರಾಜ್ಯ ಹೆದ್ದಾರಿ 121 ಹಿಡಿದರೆ ಅದು ಬಾನಮ್‌ಗೇ ಮುಟ್ಟಿಸುತ್ತದೆ. ಊರಿನ ಪಶ್ಚಿಮಕ್ಕೆ ಹೆದ್ದಾರಿ 56ರಲ್ಲಿ 1916ರ ಮನೆ, ಈಗ ಕಮಿಷನ್ನೇ ನಡೆಸುವ ವಸ್ತುಸಂಗ್ರಹಾಲಯ. ಒಳಗಿನ ಪೀಠೋಪಕರಣಗಳು ಆ ಕುಟುಂಬದವೇ. ಗ್ಯಾರೇಜಿನಲ್ಲಿರುವ 1947ರ ಕ್ಯಾಡಿಲಾಕ್ ಕಾರನ್ನು ನೋಡದೆ ಬರಬೇಡಿ. 1946ರ ಚುನಾವಣೆಯಲ್ಲಿ ಪಕ್ಷ ಸೋತು, ಸ್ಪೀಕರ್‌ಗೆ ಸಿಗುವ ಅಧಿಕೃತ ಕಾರು ರೇಬರ್ನ್ ಕೈತಪ್ಪಿದಾಗ ಸಹ ಸದಸ್ಯರು ಕೂಡಿಕೊಟ್ಟದ್ದು ಅದು. 25 ಡಾಲರಿಗಿಂತ ಹೆಚ್ಚಿನ ಉಡುಗೊರೆ ಮುಟ್ಟುವುದಿಲ್ಲ ಎಂದು ರೇಬರ್ನ್ ಹಾಕಿಕೊಂಡಿದ್ದ ಕಟ್ಟಳೆಗಾಗಿ ಒಬ್ಬೊಬ್ಬರೂ ಅಷ್ಟರೊಳಗೇ ಚಂದಾ ಹಾಕಿದ್ದರು. ಊರೊಳಗಿನ ಗ್ರಂಥಾಲಯ 1957ರಲ್ಲಿ ತೆರೆದದ್ದು, ಈಗ ಟೆಕ್ಸಾಸ್ ವಿಶ್ವವಿದ್ಯಾಲಯದ ಬ್ರಿಸ್ಕೊ ಕೇಂದ್ರದ ಕೈಯಲ್ಲಿದೆ. ಅಲ್ಲಿ ಸ್ಪೀಕರ್ ಕಚೇರಿಯ ಪ್ರತಿರೂಪವಿದೆ. ಸಮಾಧಿ ವಿಲೋ ವೈಲ್ಡ್ ಸ್ಮಶಾನದಲ್ಲಿ. ಅಂತ್ಯಸಂಸ್ಕಾರಕ್ಕೆ ಈ ಪುಟ್ಟ ಊರಿಗೆ ಅಂದಿನ ಅಧ್ಯಕ್ಷ ಕೆನೆಡಿ, ಮಾಜಿ ಅಧ್ಯಕ್ಷರಾದ ಟ್ರೂಮನ್ ಮತ್ತು ಐಸೆನ್‌ಹೋವರ್, ಮುಂದೆ ಅಧ್ಯಕ್ಷರಾದ ಜಾನ್ಸನ್ ನಾಲ್ವರೂ ಬಂದಿದ್ದರು.

ಎಲ್ಲೆಲ್ಲಿ ಫಲಕಗಳಿವೆ ಎಂದು ಕಮಿಷನ್ನಿನ ಅಂತರಜಾಲ ಅಟ್ಲಾಸಿನಲ್ಲಿ ಕೌಂಟಿ ಹೆಸರು ಹಾಕಿ ಹುಡುಕಬಹುದು, ಪಠ್ಯವೂ ಅಲ್ಲೇ ಸಿಗುತ್ತದೆ. ಮನೆಯಲ್ಲಿ ಓದಿಕೊಂಡು ಹೋದರೆ ಇಪ್ಪತ್ತು ಸಾಲಿನ ಕಷ್ಟ ಅರ್ಧ ಇಳಿಯುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬೆಳಕಿಗೆ ಉಬ್ಬಕ್ಷರದ ನೆರಳು ಬಿದ್ದು ಬಣ್ಣ ಮಾಸಿದ ಫಲಕವನ್ನೂ ಓದಬಹುದು, ಫೋಟೋದಲ್ಲಿ ಹೊಳಪೂ ಹೊಡೆಯುವುದಿಲ್ಲ. ಮಳೆ ಬಂದ ಮರುದಿನವಾದರೆ ಕಾರನ್ನು ಹುಲ್ಲಿನ ಅಂಚಿಗೆ ಇಳಿಸಬೇಡಿ. ಎರೆಮಣ್ಣು ಅಲ್ಲೂ ಎರೆಮಣ್ಣೇ, ಚಕ್ರ ಹೂತರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.